ಗಾಲಿಗೆ ಹಚ್ಚುವ ಕಲ್ಲು

ಸುರಪುರ
14-11-2024

ಇಲ್ಲಿ ಎಲ್ಲರೂ ಆರಾಮ. ಗಾಡಿ ಒಂದೇ ಆರಾಮಿಲ್ಲ.

ನಿನಗೆ ಫೋನು ಹಚ್ಚಿ ಹಚ್ಚಿ ಬೆರಳು ಸವೆದವು. ಹಚ್ಚಿದಾಗೊಮ್ಮೆ ಒಳಗಿನ ಹುಡುಗಿ ನೀನು ಬಿಜಿ ಇದ್ದೀ ಅನ್ನುತ್ತಾಳೆ. ದಿನವಿಡೀ ಯಾರ ಜೊತೆ ಬಿಜಿ ಇರುತ್ತಾಳಪ್ಪ ಇವಳು ಎಂದು ಗ್ಯಾರೇಜಿನಲ್ಲಿ ಅಂದೆ. ಮಿಸ್ತ್ರಿಯ ಮಗ ವಹಾಬ ಫೋನು ಇಸಿದುಕೊಂಡು ನೋಡಿ, "ಕಾಕಾ, ಬಿಜಿ ಅಲ್ರಿ, ನಿಮ್ಮ ನಂಬರ್ ಬ್ಲಾಕ್ ಮಾಡ್ಯಾರ" ಅಂದ. ನಾಲ್ಕು ಜನರೆದುರು ಇದ್ದಬದ್ದ ಮರ್ಯಾದೆ ಹೋಯಿತು. ಅದಕ್ಕೇ ಈ ಕಾಗದ. ಸಾಲಿ ಬಿಟ್ಟ ಮೇಲೆ ನಾನು ಇಷ್ಟುದ್ದ ಬರೆದವನಲ್ಲ. ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ದೀಪಾವಳಿ ಮುಗಿದ ಮರುದಿನವೇ ನೀನು ಚೀಲ ಹಿಡಿದು ತವರಿಗೆ, ವಡಗೇರಾಕ್ಕೆ ಹೋದದ್ದು ಯಾಕೆಂದು ನನಗೆ ಗೊತ್ತಿದೆ. ಗಾಡಿ ಏರಿನಲ್ಲಿ ನಿಂತಿತು, ನೀನು ಇಳಿದು ಗಾಲಿಗೆ ಕಲ್ಲು ಹಚ್ಚಬೇಕಾಯಿತು, ಹೊಸ ಸೀರೆಗೆ ಎಣ್ಣೆ ಹತ್ತಿತು. ಯಾವ ಹೆಂಗಸಿಗಾದರೂ ಸಿಟ್ಟು ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ನನ್ನ ತಪ್ಪಲ್ಲ, ಪಂಪಿನ ತಪ್ಪು. ಇಂಜಿನ್ನಿಗೆ ಡೀಸೆಲ್ಲು ಅಳೆದು ಹೊಡೆಯುವ ಪಂಪು ಸವೆದು ಹೋಗಿದೆ. ಸಂತೆಯ ಜನ, ಅವರ ಗಂಟು, ಚಮನಬೀಯ ಬಳೆ ಪೆಟ್ಟಿಗೆ ಎಲ್ಲ ಹೇರಿಕೊಂಡು ನಮ್ಮ ಓಣಿಯ ಏರಿಗೆ ಬಂದರೆ ಬೇಕಾದಷ್ಟು ಡೀಸೆಲ್ಲು ಸಿಗದೆ ಗಾಡಿ ನಿಂತುಬಿಡುತ್ತದೆ. ಹ್ಯಾಂಡ್ ಬ್ರೇಕು ಎಷ್ಟು ಜಗ್ಗಿದರೂ ಆ ಭಾರಕ್ಕೆ ಹಿಡಿಯುವುದಿಲ್ಲ. ಎಡಗಡೆ ಸೀಟಿನಲ್ಲಿ ಕುಂತವರು ಜಿಗಿದು ಕಲ್ಲು ಹಚ್ಚಲೇಬೇಕು. ಕುಂತವಳು ನೀನು. ನಾನು ಸ್ಟೇರಿಂಗ್ ಬಿಟ್ಟು ಇಳಿಯಲಿಕ್ಕೆ ಆಗುತ್ತದೇನು?

ಶಹಾಪುರದಲ್ಲಿ ಮಿಸ್ತ್ರಿ ಬಾಷುಮಿಯಾನಿಗೆ ತೋರಿಸಿದೆ. "ಹಳೇ ಪಂಪ ಬಿಚ್ಚಿ, ತೊಳದು, ಸೆಟ್ಟಿಂಗ್ ಮಾಡಿ ಕೊಡ್ತೀನಿ. ಇದರ ವಯಸ್ಸಿಗಿ ಅಷ್ಟ ಸಾಕು" ಎಂದ. ಅವನು ಚಹಾಕ್ಕೆ ಹೋದದ್ದೇ ತಡ, ಮಗ ವಹಾಬ ಬಂದು ಕಿವಿಯಲ್ಲಿ, "ಅಬ್ಬಾನ ಮಾತು ಬಿಡ್ರಿ. ದೊಡ್ಡ ಗಾಡಿ ಪಂಪ ಕೂಡಸ್ರಿ, ಗುಡ್ಡ ಹಾರಿ ಹೋಗ್ತದ" ಎಂದ. ತಂದೆ ಮಗ ಒಂದೇ ಗ್ಯಾರೇಜಿನಲ್ಲಿ ಕುಂತು ನನ್ನನ್ನು ಎರಡು ಕಡೆ ಜಗ್ಗುತ್ತಿದ್ದಾರೆ. ತಲೆ ಕೆಟ್ಟುಹೋಗಿದೆ. ಹಳೆಯದನ್ನೇ ಸುಧಾರಿಸಲೋ, ದೊಡ್ಡದು ಕೂಡಿಸಲೋ? ನೀನೇನಂತೀ, ತಿಳಿಸು.

ಅವ್ವ ಕೇಳಿದಳು, ಗುರೆಳ್ಳು ಚಟ್ನಿಯ ಡಬ್ಬಿ ಎಲ್ಲಿಟ್ಟಿದ್ದೀ ಎಂದು.

ಹುಲಗಪ್ಪ


ವಡಗೇರಾ
22-11-2024

ಇವರಿಗೆ,

ನಿಮ್ಮ ಕಾಗದ ಬಂತು. ನನಗಲ್ಲ, ನನ್ನ ತಮ್ಮನಿಗೆ ಬಂತು. ಕವರಿನ ಮೇಲೆ "ಶರಣಕುಮಾರ ಇವರಿಗೆ" ಎಂದು ಬರೆದರೆ ಪೋಸ್ಟಿನವನು ಮತ್ತಾರ ಕೈಗೆ ಕೊಡಬೇಕು? ಅವನೋ, ಏನೋ ಸರಕಾರಿ ಕಾಗದ ಬಂತೆಂದು ಕಟ್ಟೆಯ ಮೇಲೆ ಕುಂತು ದೊಡ್ಡ ದನಿಯಲ್ಲಿ ಓದಿದ. ಪಂಪು ಸವೆದದ್ದು, ನಿಮ್ಮ ಮರ್ಯಾದೆ ಹೋದದ್ದು, ನನ್ನ ಸೀರೆಗೆ ಎಣ್ಣೆ ಹತ್ತಿದ್ದು, ಎಲ್ಲ ಈಗ ವಡಗೇರಾಕ್ಕೇ ಗೊತ್ತು. ರೊಟ್ಟಿ ಬಡಿಯುತ್ತ ಕುಂತ ನಾನು ಕೊನೆಗೆ ಕೇಳಿದೆ, "ಇದು ಯಾರಿಗಿ ಬರದದ್ದೋ?" ಅವನು ಹಿಂದೆ ಮುಂದೆ ತಿರುವಿ ನೋಡಿ, "ಹೆಸರಿಲ್ಲಕ್ಕ" ಅಂದ.

ಹೌದು, ಹೆಸರಿಲ್ಲ. ಕವರಿನ ಮೇಲೂ ಇಲ್ಲ, ಒಳಗೂ ಇಲ್ಲ.

ಫೋನು ನಾನು ಬೇಕಂತಲೇ ಮುಚ್ಚಿದ್ದೇನೆ. ಫೋನಿನಲ್ಲಿ ನೀವು ಮಾತಾಡುವುದಿಲ್ಲ, ಚೀರುತ್ತೀರಿ. ಕಾಗದದಲ್ಲಿ ಚೀರಲಿಕ್ಕೆ ಬರುವುದಿಲ್ಲ. ಅದಕ್ಕೇ ಹೇಳುವುದಿದ್ದರೆ ಬರೆಯಿರಿ.

ಯಾಕೆ ಹೋದೆನೆಂದು ಗೊತ್ತಿದೆ ಅಂದಿದ್ದೀರಿ. ಮಣ್ಣು ಗೊತ್ತಿದೆ ನಿಮಗೆ. ಕಲ್ಲು ಹಚ್ಚುವುದೇನು ನನಗೆ ಹೊಸದೇ? ಮದುವೆಯಾದಂದಿನಿಂದ ಹಚ್ಚಿದ್ದೇನೆ. ಅವತ್ತು ಹಬ್ಬದ ಬಜಾರು, ಓಣಿ ತುಂಬ ಜನ. ಗಾಡಿ ನಿಂತ ಕೂಡಲೇ ನಾನು ಕಲ್ಲಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ನೀವು "ಏ! ಕಿವ್ಯಾಗ ಏನ್ ಹಾಕ್ಕೊಂಡಿ? ಇಳಿ, ಕಲ್ಲ ಹಚ್ಚ!" ಎಂದು ಚೀರಿದಿರಿ. ಪಟಾಕಿ ಹಚ್ಚುತ್ತಿದ್ದ ಹುಡುಗರೆಲ್ಲ "ಏ, ಕಲ್ಲ ಹಚ್ಚ" ಎಂದು ನಕ್ಕರು. ನಾನು ಬಗ್ಗಿ ಕಲ್ಲು ಹಚ್ಚುತ್ತಿದ್ದೆ, ನೀವೂ ನಕ್ಕಿರಿ. ಗಾಡಿಯ ಪಕ್ಕದ ಕನ್ನಡಿಯಲ್ಲಿ ನನಗೆ ಕಂಡಿತು.

ಪಂಪು ಕೇಳಿದ್ದೀರಿ. ಕೂಡಿಸಿರಿ, ಬಿಡಿರಿ. ನನಗೇನು?

ಡಬ್ಬಿ ಜೋಳದ ಗುಮ್ಮಿಯ ಹಿಂದೆ ಇದೆ ಎಂದು ಅತ್ತೆಗೆ ಹೇಳಿರಿ. ಪಾಪ, ಅವರಿಗೆ ಎತ್ತರದ ಮಾಡಿಗೆ ಕೈ ಮುಟ್ಟುವುದಿಲ್ಲವೆಂದು ಕೆಳಗೇ ಇಟ್ಟಿದ್ದೆ.

ಪರಿಮಳಾ


ಸುರಪುರ
3-12-2024

ನಿನ್ನ ಕಾಗದ ಓದಿದೆ. ಡಬ್ಬಿ ಸಿಕ್ಕಿತು.

ಪಂಪಿನ ಹಕೀಕತ್ತು ಕೇಳು. ಮೊನ್ನೆ ಮುಂಜಾನೆ ಹೋದೆ, ವಹಾಬ ಇದ್ದ. ದೊಡ್ಡದು ಕೂಡಿಸೋಣ ಎಂದು ಬೋನೆಟ್ ತೆಗೆದ. ಅರ್ಧ ಬಿಚ್ಚುವಷ್ಟರಲ್ಲಿ ಬಾಷುಮಿಯಾ ನಮಾಜು ಮುಗಿಸಿ ಬಂದ. "ಏ ಬೇವಕೂಫ್, ಮುದುಕಗ ಹರೇದವನ ಊಟ ಬಡಿಸ್ತೀ? ಇಂಜನ್ ತಡೀತದೇನು?" ಎಂದು ಮಗನನ್ನು ಬೈದು, ಬಿಚ್ಚಿದ್ದನ್ನೆಲ್ಲ ತಿರುಗಿ ಕೂಡಿಸಿದ. ಕೂಡಿಸುವಾಗ ಎಲ್ಲೋ ಗಾಳಿ ಹೊಕ್ಕಿತು. ಸಂಜೆತನಕ ಗಾಡಿ ಚಾಲೂ ಆಗಲಿಲ್ಲ. ಭೀಮರಾಯನಗುಡಿಯ ಸವಾರಿ ಕೈಬಿಟ್ಟು ಹೋಯಿತು, ಸಂತೆಯವರು ಬಸ್ಸಿಗೆ ಹೋದರು, ಅವ್ವ ಮನೆಯಲ್ಲಿ ಮುಖ ಊದಿಸಿಕೊಂಡಳು. ಇವರಿಬ್ಬರ ಜಗಳದಲ್ಲಿ ನಾನು ಹೈರಾಣಾಗಿ ಹೋದೆ. ಹಗಲೆಲ್ಲ ಇದೇ ಆದರೆ ಮನುಷ್ಯ ಬದುಕುವುದು ಹೆಂಗೆ?

ನಾನು ಈಗ ಗಟ್ಟಿ ಮನಸ್ಸು ಮಾಡಿದ್ದೇನೆ. ಯಾರನ್ನು ಕೇಳಿದರೂ ಪಿಕಪ್ ಇಲ್ಲದೆ ಈ ದಂಧೆ ನಡೆಯುವುದಿಲ್ಲ ಅನ್ನುತ್ತಾರೆ. ನನಗೂ ಖರೇ ಅನಿಸಿದೆ. ಹಳೆಯದನ್ನು ತೆಗೆದು ಒಗೆದುಬಿಡುತ್ತೇನೆ. ಪಿಕಪ್ ಬರಲಿ, ಆಮೇಲೆ ನಿನ್ನನ್ನು ಕರೆಯಲು ಬರುತ್ತೇನೆ. ಅಲ್ಲಿತನಕ ಅಲ್ಲೇ ಇರು.

ಹುಲಗಪ್ಪ


ವಡಗೇರಾ
8-12-2024

ಇವರಿಗೆ,

ಈ ಕಾಗದವೂ ಶರಣಕುಮಾರನ ಹೆಸರಿಗೇ ಬಂತು, ಇದನ್ನೂ ಅವನೇ ಓದಿದ. ಓದಿ ಖುಷಿಯಿಂದ, "ಅಕ್ಕಾ, ಮಾವ ಗಾಡಿ ಒಗದು ಪಿಕಪ್ ತರತಾನಂತ, ಇನ್ನ ಮಾಲ ಹೇರೂ ದಂಧೆ" ಅಂದ. ನನ್ನ ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು.

ಗಾಡಿ ಒಗೆಯುತ್ತೀರಾ? ಯಾರನ್ನು ಕೇಳಿ ಒಗೆಯುತ್ತೀರಿ? ಪಿಕಪ್ ತಂದು ಸಿಮೆಂಟು, ಹತ್ತಿ, ಗೊಬ್ಬರ ಹೇರಿಕೊಂಡು ಒಬ್ಬರೇ ಮೆರೆಯಬೇಕೆಂದು ಮನಸ್ಸೇ? ಚಮನಬೀ ಅಕ್ಕ ಬಳೆ ಪೆಟ್ಟಿಗೆ ಎಲ್ಲಿಡಬೇಕು, ತಲೆಯ ಮೇಲೇ? ಆ ಸೀಟುಗಳ ಕವರು ನಾನು ಹೊಲಿದದ್ದು. ಹಿಂದಿನ ಬಾಗಿಲಿಗೆ ಹಗ್ಗದ ಹಿಡಿಕೆ ನಾನು ಹಾಕಿದ್ದು. ಯಾವ ಹಳ್ಳಿಯಲ್ಲಿ ಯಾರು ಹತ್ತುತ್ತಾರೆ, ಯಾವ ಮುದುಕಿಗೆ ಮೆಟ್ಟಿಲು ಬೇಕು ಎಂಬುದು ನಿಮಗಿಂತ ನನಗೆ ಗೊತ್ತು. ಕರೆಯಲು ಬಂದು, ನನ್ನನ್ನೇನು ಹಿಂದೆ ಗೊಬ್ಬರದ ಚೀಲದ ಮೇಲೆ ಕೂಡಿಸಿಕೊಂಡು ಹೋಗುತ್ತೀರಾ?

ನಾನು ಎಂದಾದರೂ ಗಾಡಿಗೆ ಒಂದು ಮಾತು ಅಂದಿದ್ದೇನೆಯೇ? ಅಂದದ್ದು ನಿಮ್ಮ ಬಾಯಿಗೆ. ಬದಲಿಸುವುದಿದ್ದರೆ ಅದನ್ನು ಬದಲಿಸಿರಿ.

ಪರಿಮಳಾ


ಸುರಪುರ
15-12-2024

ಅಯ್ಯೋ ಶಿವನೇ! ಪಿಕಪ್ ಅಂದರೆ ಪಿಕಪ್ ಗಾಡಿಯಲ್ಲ! ಓಟದ ಪಿಕಪ್! ಕಾಲು ಒತ್ತಿದ ಕೂಡಲೇ ಗಾಡಿ ಮುಂದೆ ಜಗ್ಗುವ ಶಕ್ತಿಗೆ ಪಿಕಪ್ ಅನ್ನುತ್ತಾರೆ. ಒಗೆಯುತ್ತೇನೆ ಅಂದದ್ದು ಹಳೆಯ ಪಂಪು. ಗಾಡಿ ಒಗೆಯುತ್ತೇನೆ ಎಂದು ಯಾರು ಅಂದರು? ನಿನ್ನ ತಮ್ಮನಿಗೆ ಓದಲು ಕೊಟ್ಟವರು ಯಾರು?

ಇಷ್ಟಕ್ಕೇ ಮುಗಿದಿದ್ದರೆ ಒಳ್ಳೆಯದಿತ್ತು. ಶರಣಕುಮಾರ ಯಾರಿಗೋ ಅಂದು, ಅವರು ಮತ್ತಾರಿಗೋ ಅಂದು, ನಿನ್ನೆ ಶಹಾಪುರದ ಇಬ್ಬರು ಗಾಡಿ ಕೊಳ್ಳಲು ಮನೆಗೇ ಬಂದರು. ಗಾಲಿಗೆ ಕಾಲಿನಿಂದ ಒದ್ದು ನೋಡಿ, ಇದು ಗುಜರಿಗೇ ಲಾಯಕ್ಕು ಅಂದರು. ಅವ್ವ ಪೊರಕೆ ಹಿಡಿದು ಬಾಗಿಲಿಗೆ ಬಂದಳು.

ನನ್ನ ಬಾಯಿಯ ವಿಷಯ ಬರೆದಿದ್ದೀ. ಡೀಸೆಲ್ ಇಂಜಿನ್ನಿನ ಸಪ್ಪಳದಲ್ಲಿ ಚೀರದೆ ಹೇಳಿದರೆ ಯಾರಿಗೆ ಕೇಳುತ್ತದೆ? ಡ್ರೈವರ್ ಆದವನ ಬಾಯಿ ಹಾಗೇ ಇರುತ್ತದೆ, ಅದಕ್ಕೇನು ಮಾಡುವುದು? ದೊಡ್ಡ ಪಂಪು ಕೂಡಿಸಿದರೆ ಗಾಡಿ ನಿಲ್ಲುವುದಿಲ್ಲ, ನಿಲ್ಲದಿದ್ದರೆ ಕಲ್ಲು ಬೇಡ, ಕಲ್ಲು ಬೇಡವಾದರೆ ಚೀರುವ ಪ್ರಶ್ನೆಯೇ ಇಲ್ಲ. ಇಷ್ಟು ಸರಳ ಮಾತು ನಿನಗೆ ತಿಳಿಯುವುದಿಲ್ಲ.

ವಹಾಬನಿಗೆ ಹೇಳಿಬಿಟ್ಟಿದ್ದೇನೆ. ಅವನು ಪಂಪು ಹುಡುಕುತ್ತಿದ್ದಾನೆ. ಬಾಷುಮಿಯಾ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಲಿ.

ಹುಲಗಪ್ಪ


ವಡಗೇರಾ
4-1-2025

ಇವರಿಗೆ,

ಪಿಕಪ್ಪಿನ ಅರ್ಥ ತಿಳಿಯಿತು. ಶರಣಕುಮಾರನ ಮುಖ ನೋಡಬೇಕಿತ್ತು. ನಾನೂ ಸ್ವಲ್ಪ ನಕ್ಕೆ, ಸುಳ್ಳು ಯಾಕೆ ಹೇಳಲಿ. ಗಾಡಿ ಇದೆಯೆಂದು ತಿಳಿದು ಜೀವ ಹಗುರಾಯಿತು.

ಆದರೆ ಇಂಜಿನ್ನಿನ ಸಪ್ಪಳದ ಮಾತು ಹೇಳಿದಿರಲ್ಲ, ಅದು ನಗುವ ಮಾತಲ್ಲ. ಅದೇ ದೀಪಾವಳಿಯ ದಿನ, ಅದೇ ಏರು, ಅದೇ ಇಂಜಿನ್. ನನಗೆ "ಏ" ಎಂದು ಚೀರಿದ ಬಾಯಿಯೇ ಹಿಂದೆ ತಿರುಗಿ, "ಚಮನಬೀ ಅಕ್ಕಾ, ಸಾವಕಾಶ ಇಳೀರಿ, ಪೆಟಿಗಿ ಸಂಭಾಳಸ್ರಿ" ಅಂದಿತು. ಎಷ್ಟು ಮೆತ್ತಗೆ ಅಂದಿರಿ! ಅಕ್ಕನಿಗೆ ಬರೋಬರಿ ಕೇಳಿಸಿತು, ಇಳಿದರು. ಅವರ ಕಿವಿ ಬೇರೆ, ನನ್ನ ಕಿವಿ ಬೇರೆಯೇ? ಕೂಲಿ ಕೊಟ್ಟು ಕುಂತವರಿಗೆ ರೀ, ಬರ್ರಿ, ಹೋಗ್ರಿ. ಮನೆಯವಳಿಗೆ ಏ. ಪಂಪು ಬದಲಾದರೆ ಇದೂ ಬದಲಾಗುತ್ತದೇನು? ಬಾಷುಮಿಯಾ ಕಾಕಾಗೆ ಕೇಳಿ ಬರೆಯಿರಿ.

ಇನ್ನೊಂದು ವಿಷಯ. ಇಲ್ಲಿ ಸುಮ್ಮನೆ ಕುಂತು ಬೇಸರಾಗಿ, ಶರಣಕುಮಾರನ ಟ್ರ್ಯಾಕ್ಟರ್ ಕಲಿತೆ. ಮೊದಲು ಹೊಲದಲ್ಲಿ, ಆಮೇಲೆ ಕಾಲುವೆಯ ದಾರಿಯಲ್ಲಿ. ಒಂದು ಬೇಲಿ ಮುರಿದೆ, ಅದನ್ನು ಕಟ್ಟಿಯೂ ಕೊಟ್ಟೆ. ಈಗ ಗೇರು ಹಲ್ಲು ಕಡಿಯುವುದಿಲ್ಲ. ಮೊನ್ನೆ ಯಾದಗಿರಿಗೆ ಹೋಗಿ ಕಲಿಯುವವರಿಗೆ ಕೊಡುವ ಲೈಸನ್ಸು, ಎಲ್.ಎಲ್., ಮಾಡಿಸಿದೆ. ಫೋಟೋ ಛಲೋ ಬಂದಿದೆ.

ಎಡಗಡೆ ಸೀಟಿನಲ್ಲಿ ಕುಂತವರ ಕೆಲಸ ಏನೆಂದು ನನಗೆ ಗೊತ್ತಿತ್ತು. ಬಲಗಡೆಯದನ್ನೂ ಕಲಿತೆ. ನಮ್ಮ ಗಾಡಿ ನಡೆಸಬೇಕೆಂದು ಆಸೆಯಿದೆ. ನೀವು ಕರೆಯಲು ಬಂದರೆ ನಾನು ನಡೆಸಿಕೊಂಡು ಬರುತ್ತೇನೆ. ಇಲ್ಲದಿದ್ದರೆ ಬರುವುದೇ ಇಲ್ಲ.

ಪರಿಮಳಾ


ಸುರಪುರ
11-1-2025

ಏನು ತಲೆ ತಿರುಗಿದೆಯೇ ನಿನಗೆ? ಸಂತೆಯ ಜನ ಏನಂದಾರು? ಹುಲಗಪ್ಪ ಹೆಂಡತಿಯ ಪಕ್ಕದಲ್ಲಿ ಕೈ ಕಟ್ಟಿಕೊಂಡು ಕುಂತಾನ ಅನ್ನಬೇಕೇ? ಟ್ರ್ಯಾಕ್ಟರ್ ನಡೆಸು, ವಿಮಾನ ನಡೆಸು, ಅದು ನಿನ್ನ ತಮ್ಮನ ಪ್ರಶ್ನೆ. ನನ್ನ ಗಾಡಿಯ ಸ್ಟೇರಿಂಗಿಗೆ ಕೈ ಹಚ್ಚುವ ಮಾತು ಇನ್ನೊಮ್ಮೆ ಬರೆಯಬೇಡ.

ಪಂಪು ಸಿಕ್ಕಿದೆ. ಬರುವ ವಾರ ಕೂಡುತ್ತದೆ.

ಡ್ರೈವರ್ ಹುಲಗಪ್ಪ


ವಡಗೇರಾ
9-2-2025

ಇವರಿಗೆ,

ಸಂಕ್ರಾಂತಿ ಹೋಯಿತು. ಭೋಗಿಯ ರೊಟ್ಟಿಗೆ ನೀವು ಬರಬಹುದೆಂದು ಶರಣಕುಮಾರ ದಾರಿ ನೋಡಿದ. ನಾನು ನೋಡಲಿಲ್ಲ.

ಪಂಪು ಕೂಡಿತೋ ಇಲ್ಲವೋ ಎಂದು ತಿಳಿಯುವುದಕ್ಕಷ್ಟೇ ಈ ಕಾಗದ. ಅತ್ತೆಯ ಕಣ್ಣು ಹೇಗಿದೆ? ಶಹಾಪುರದ ದವಾಖಾನೆಗೆ ಕರೆದುಕೊಂಡು ಹೋದಿರೋ ಇಲ್ಲವೋ? ಅವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.

ಪರಿಮಳಾ


ಸುರಪುರ
17-2-2025

ಪರಿಮಳಾ,

ಕವರಿನ ಮೇಲೂ ಇದೇ ಹೆಸರು ಬರೆದಿದ್ದೇನೆ. ಕವರು ತರಲು ಹೋದಾಗ ಪೋಸ್ಟಿನಲ್ಲಿ ಕುಂತ ಹೆಣ್ಣುಮಗಳು "ಊರು ಹೇಳ್ರಿ, ಯಾರಿಗಿ ಹೇಳ್ರಿ" ಎಂದಾಗ ಬಾಯಿಬಿಟ್ಟು ಹೇಳಬೇಕಾಯಿತು. ಹೇಳಿ ರೂಢಿಯಿಲ್ಲ. ನಾಲಿಗೆ ಹೊರಳಲಿಲ್ಲ, ಎರಡು ಸಲ ಹೇಳಿದೆ.

ಪಂಪು ಕೂಡಿತು. ಮೊದಲ ದಿನ ನಾನು ರಾಜ. ಖಾಲಿ ಗಾಡಿ ನಮ್ಮ ಏರನ್ನು ಕುದುರೆಯ ಹಾಗೆ ಹತ್ತಿತು. ಹಿಂದೆ ಕರಿ ಹೊಗೆ ಎಷ್ಟೆಂದರೆ, ಓಣಿಯವರು ಒಣಗಹಾಕಿದ ಬಟ್ಟೆ ಎತ್ತಿಕೊಂಡು ಬೈದರು. ಬೈಯಲಿ ಬಿಡು ಅಂದುಕೊಂಡೆ. ಮೊನ್ನೆ ಅವ್ವನ ಕಣ್ಣು ತೋರಿಸಲಿಕ್ಕೆಂದು ಅವಳನ್ನು ಎಡಗಡೆ ಸೀಟಿನಲ್ಲಿ ಕೂಡಿಸಿಕೊಂಡು ಶಹಾಪುರಕ್ಕೆ ಹೋದೆ. ಕಣ್ಣಿಗೆ ಹನಿ ಕೊಟ್ಟಿದ್ದಾರೆ, ಆಪರೇಷನ್ ಈಗ ಬೇಡವಂತೆ. ಬರುವಾಗ ಸಂತೆಯ ಜನ ತುಂಬಿದರು, ಚಮನಬೀ ಅಕ್ಕನೂ ಇದ್ದರು. ಏರಿನ ಅರ್ಧದತನಕ ಗಾಡಿ ಗುಡುಗುಡು ಬಂತು. ತಿರುವಿನ ಹತ್ತಿರ ಇಂಜಿನ್ ಕಾದು, ಮುಂದಿನಿಂದ ಉಗಿ ಎದ್ದು, ಅಲ್ಲೇ, ಅದೇ ಜಾಗದಲ್ಲಿ ನಿಂತಿತು. ಬಾಷುಮಿಯಾ ಹೇಳಿದ್ದೇ ಆಯಿತು. ನನ್ನ ಸಿಟ್ಟು ಎಲ್ಲಿಗೆ ಹೋಗಿರಬೇಕು ನೀನೇ ಹೇಳು. ಎರಡೂ ಕಾಲಲ್ಲಿ ಬ್ರೇಕು ತುಳಿದು ಚೀರಿದೆ:

"ಏ! ಏನ್ ನೋಡ್ತಿ? ಇಳಿ, ಕಲ್ಲ ಹಚ್ಚ!"

ಅವ್ವ ಇಳಿಯಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡವಳು ಮೆಲ್ಲಗೆ ನನ್ನ ಕಡೆ ತಿರುಗಿದಳು.

"ಏ ಅಂದ್ರ ಯಾರಪಾ?" ಅಂದಳು.

"ನಿನಗಲ್ಲ ಬೇ, ಅಕಿ ಕುಂತಾಳಂತ ಅಂದೆ" ಅಂದೆ.

"ಅಕಿಗಿ ಆದ್ರ ಅನಬೌದೇನು?"

ಗಾಡಿ ಮೆಲ್ಲಗೆ ಹಿಂದೆ ಸರಿಯುತ್ತಿತ್ತು. ಅವ್ವ ಕೈ ಕಟ್ಟಿಕೊಂಡು ಕುಂತೇ ಇದ್ದಳು. ಕೊನೆಗೆ ಚಮನಬೀ ಅಕ್ಕ ಜಿಗಿದು ಬಂದು, ನಿನ್ನ ಸೀಟಿನ ಕೆಳಗಿನ ಕಲ್ಲು ಎರಡು ಕೈಯಿಂದ ಜಗ್ಗಿ, ಎದೆಗೆ ಅವಚಿಕೊಂಡು ಹೋಗಿ ಗಾಲಿಗೆ ಹಚ್ಚಿದರು. ಬಗ್ಗಿದ್ದಾಗ ಅವರ ಕೈಯ ಬಳೆಗಳು ಒಡೆದವು. ಬಳೆ ಮಾರುವವರ ಕೈಯ ಬಳೆಗಳು. ಈ ಸಲ ಯಾರೂ ನಗಲಿಲ್ಲ.

ಇಂಜಿನ್ ಆರಿದ ಮೇಲೆ, ಕಲ್ಲು ಎತ್ತಿ ಒಳಗಿಡಲು ನಾನೇ ಹೋದೆ. ಅದು ಅವ್ವನ ಒಡೆದ ಬೀಸುಕಲ್ಲಿನ ಅರ್ಧ ಹೋಳು, ನಾನೇ ತಂದು ಇಟ್ಟದ್ದು. ಇಟ್ಟ ದಿನ ಬಿಟ್ಟರೆ ಅದನ್ನು ಮತ್ತೆ ಎತ್ತಿದವನಲ್ಲ. ಒಂದೇ ಕೈಯಿಂದ ಎತ್ತಲು ಹೋದೆ, ಏಳಲಿಲ್ಲ. ಅವ್ವ ಕಿಟಕಿಯಿಂದ ನೋಡುತ್ತಿದ್ದಳು. "ಭಾರ ಅದ ಏನು?" ಎಂದು ಕೇಳಿದಳು. ಅವತ್ತಿನಿಂದ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ, ರೊಟ್ಟಿ ಹಾಕಿ ತಾಟು ಸರಿಸುತ್ತಾಳೆ ಅಷ್ಟೇ. ಮನೆಯಲ್ಲಿ ಇಬ್ಬರೇ ಇದ್ದು ಹೀಗಾದರೆ ಬಹಳ ಬೇಸರವಾಗುತ್ತದೆ.

ದೊಡ್ಡ ಪಂಪು ಬಿಚ್ಚಿ ವಹಾಬನಿಗೆ ತಿರುಗಿ ಕೊಟ್ಟೆ. ಬಾಷುಮಿಯಾ ಮೊದಲು ಗುರ್ರೆಂದ, ಆಮೇಲೆ ನಮ್ಮ ಹಳೆಯದನ್ನೇ ಬಿಚ್ಚಿ, ತೊಳೆದು, ಹೊಸ ವಾಷರು ಹಾಕಿ, ಸೆಟ್ಟಿಂಗ್ ಮಾಡಿ ಕೂಡಿಸಿದ. ಹೊಗೆ ಇಲ್ಲ. ಖಾಲಿ ಇದ್ದರೆ ಏರು ಹತ್ತುತ್ತದೆ. ಜನ ತುಂಬಿದರೆ ಹತ್ತುತ್ತದೆಂದು ಅವನೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ನಿಂತರೆ ನಿಲ್ಲಲಿ. ಇದಕ್ಕಿಂತ ಹೆಚ್ಚು ಈ ಗಾಡಿಯಿಂದ ಆಗುವುದಿಲ್ಲ. ಇನ್ನು ಈ ಪಂಪಿನ ಮಾತು ಬೇಡ, ನನಗೆ ಸಾಕಾಗಿದೆ.

ಬರುವ ರವಿವಾರ ವಡಗೇರಾಕ್ಕೆ ಬರುತ್ತೇನೆ, ಶಿವರಾತ್ರಿಗೆ ನೀನು ಇಲ್ಲಿರಬೇಕು. ಅವ್ವನೂ ಹಿಂದೆ ಕುಂತು ಬರುತ್ತಾಳಂತೆ, ನನ್ನ ಮೇಲೆ ನಂಬಿಗೆ ಇಲ್ಲವಂತೆ. ಗಾಡಿಯ ಹಿಂದೂ ಮುಂದೂ ಕೆಂಪು ಎಲ್ ಅಂಟಿಸಿದ್ದೇನೆ. ಹಿಂದಿನದು ಸ್ವಲ್ಪ ಸೊಟ್ಟಾಗಿದೆ. ವಹಾಬ ನೋಡಿ, "ಈ ವಯಸ್ಸಿನಾಗ ಗಾಡಿ ಕಲ್ಯಾಕತ್ತೀರೇನ್ ಕಾಕಾ?" ಎಂದು ಕೇಳಿದ. ಹೌದಪ್ಪ ಅಂದೆ.

ತಿರುಗಿ ಬರುವಾಗ ನೀನು ನಡೆಸು. ಎರಡನೇ ಗೇರು ಒಮ್ಮೊಮ್ಮೆ ಜಾರುತ್ತದೆ, ಕೈಯಿಂದ ಹಿಡಿದುಕೊಂಡಿರಬೇಕು. ಎಡಗಡೆ ಸೀಟು ನನ್ನದು, ಕಲ್ಲು ಅದರ ಕೆಳಗೇ ಇದೆ. ಏರಿನಲ್ಲಿ ಗಾಡಿ ನಿಂತರೆ ಓಣಿಗೆ ಕೇಳಿಸುವ ಹಾಗೆ ನನ್ನ ಹೆಸರು ಹಿಡಿದು ಕೂಗು. ಗಂಡನ ಹೆಸರು ಹೇಳಬಾರದು ಗಿಳಬಾರದು ಎಂದು ನೋಡಬೇಡ. ಆದರೆ ಏ ಮಾತ್ರ ಅನ್ನಬೇಡ.

ಹುಲಗಪ್ಪ